ಮಡಿವಾಳೆಪ್ಪನ ಗಾಡಿಯ ಮೇಲೆ ಬಿದ್ದ ಕಣ್ಣು

ದೊಡವಾಡದ ಮಡಿವಾಳೆಪ್ಪನಿಗೆ ದೇವರು ಎರಡು ಕಣ್ಣು ಕೊಟ್ಟಿದ್ದ. ಅವೆರಡನ್ನೂ ಅವನು ಊರವರ ಕಣ್ಣು ಎಲ್ಲೆಲ್ಲಿ ಬೀಳುತ್ತವೆ ಎಂದು ಕಾಯುವುದಕ್ಕೇ ಮೀಸಲಿಟ್ಟಿದ್ದ. ಎಮ್ಮೆ ಹಾಲು ಕಡಿಮೆ ಮಾಡಿದರೆ ಯಾರೋ ಕೆಚ್ಚಲು ನೋಡಿದ್ದಾರೆ. ಹತ್ತಿಗೆ ಹುಳ ಬಿದ್ದರೆ ಯಾರೋ ಬದುವಿನ ಮೇಲೆ ನಿಂತು ಬೆಳೆ ನೋಡಿದ್ದಾರೆ. ಮದುವೆ ಮನೆಯ ಹೋಳಿಗೆ ತಿಂದು ಅವನ ಹೊಟ್ಟೆ ಕೆಟ್ಟರೆ, ಎದುರಿನ ಸಾಲಿನಲ್ಲಿ ಕುಳಿತವನು ಯಾರೋ ಅವನ ಎಲೆಯ ಮೇಲೆ ಕಣ್ಣಿಟ್ಟಿದ್ದಾನೆ. ತಾನು ಹೆಚ್ಚು ತಿಂದೆ ಎಂಬ ಮಾತು ಆ ತಲೆಯ ಹತ್ತಿರ ಸುಳಿಯುತ್ತಲೂ ಇರಲಿಲ್ಲ. ಹಾಗೆಂದು ಕೆಟ್ಟ ಮನುಷ್ಯನೇನಲ್ಲ. ಹೊಲ ಚೆನ್ನಾಗಿ ಮಾಡುತ್ತಿದ್ದ, ಹಸಿದು ಬಂದವರಿಗೆ ರೊಟ್ಟಿ ಹಾಕುತ್ತಿದ್ದ, ಮೀಸೆಗೆ ಹದಿನೈದು ದಿನಕ್ಕೊಮ್ಮೆ ಕಪ್ಪು ಹಚ್ಚುತ್ತಿದ್ದ. ಇದೊಂದು ಕಣ್ಣಿನ ರೋಗ ಬಿಟ್ಟರೆ ಮತ್ತೆ ಯಾವ ರೋಗವೂ ಅವನಿಗೆ ಇರಲಿಲ್ಲ.

ಅವನ ಆಸ್ತಿಯಲ್ಲಿ ಊರವರ ಕಣ್ಣಿನಿಂದ ಅತಿ ಹೆಚ್ಚು ಬಾಧೆಪಟ್ಟಿದ್ದು ಪಿಕಪ್ ಗಾಡಿ. ಕಿತ್ತೂರಿನ ತರಕಾರಿ ವ್ಯಾಪಾರಿಯೊಬ್ಬ ಓಡಿಸಿ ಬಿಟ್ಟದ್ದನ್ನು ಕೊಂಡು ತಂದಿದ್ದ. ತಂದ ದಿನ ಬಾಗಿಲ ಮುಂದೆ ನಿಲ್ಲಿಸಿ, ಕಾಯಿ ಒಡೆದು, ಬಂದವರಿಗೆಲ್ಲ ಪೇಡೆ ಹಂಚಿದ. ಗೋಡೆಗೆ ಗೋಡೆ ಹಚ್ಚಿಕೊಂಡ ಪಕ್ಕದ ಮನೆ ಅವನ ಸ್ವಂತ ತಮ್ಮ ಸತ್ಯಪ್ಪನದು. ಸತ್ಯಪ್ಪ ಮಾತು ಕಡಿಮೆಯ ಆಳು. ಟ್ರ್ಯಾಕ್ಟರ್ ಇಟ್ಟುಕೊಂಡವನು, ಕಬ್ಬಿಣದ ಗುಣ ಅಷ್ಟಿಷ್ಟು ಬಲ್ಲವನು. ಅವನು ಪೇಡೆ ಬಾಯಿಗೆ ಹಾಕಿಕೊಂಡು ಗಾಡಿಯ ಸುತ್ತ ಒಂದು ಸುತ್ತು ಬಂದ, ಹಿಂಭಾಗದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಅಡಿಗೆ ಇಣುಕಿದ, ಬೆರಳು ಚಾಚಿದ.

"ಚಲೋ ಐತಿ ಅಣ್ಣ. ಇಲ್ಲೊಂದ ಈಟ ತುಕ್ಕ ಹತ್ತೇತಿ ನೋಡು. ಈಗ ಉಜ್ಜಿ ಬಣ್ಣಾ ಹಚ್ಚಿದ್ರ ಅಲ್ಲಿಗೇ ನಿಂದರತೈತಿ."

ಇಷ್ಟೇ. ಇಷ್ಟಕ್ಕೇ ಒಡಹುಟ್ಟಿದವರ ನಡುವೆ ಮಾತು ನಿಂತಿತು. ಒಡೆದ ಕಾಯಿಯ ನೀರು ಆರಿಲ್ಲ, ಪೇಡೆ ಇನ್ನೂ ಬಾಯಲ್ಲೇ ಇದೆ, ಅಷ್ಟರಲ್ಲಿ ತುಕ್ಕಿನ ಹೆಸರು! ಮಡಿವಾಳೆಪ್ಪ ಉಜ್ಜಲೂ ಇಲ್ಲ, ಬಣ್ಣ ಹಚ್ಚಲೂ ಇಲ್ಲ. ತಮ್ಮನ ಮಾತು ಕೇಳಿ ಉಜ್ಜಿದರೆ ಅಲ್ಲಿ ತುಕ್ಕಿತ್ತು ಎಂದು ಒಪ್ಪಿಕೊಂಡಂತೆ ಆಗುವುದಿಲ್ಲವೇ? ಮಳೆಗಾಲ ಕಳೆಯುವಷ್ಟರಲ್ಲಿ ಗುಲಗಂಜಿಯಷ್ಟಿದ್ದ ತುಕ್ಕು ರೊಟ್ಟಿಯಗಲ ಆಯಿತು.

"ಅಂವ ಬಟ್ಟ ಮಾಡಿ ತೋರಿಸಿದ ಜಾಗಾದಾಗ ಹತ್ತೇತಿ!" ಎಂದು ಮಡಿವಾಳೆಪ್ಪ ಹೆಂಡತಿ ಸುಂದರವ್ವನನ್ನು ಕರೆದು ತೋರಿಸಿದ. "ನೋಡು, ಬರೊಬ್ಬರಿ ಅದೇ ಜಾಗಾ. ಒಂದ ಬಟ್ಟ ಆಚಿಗಿಲ್ಲ, ಈಚಿಗಿಲ್ಲ. ಇದಕ್ಕಿಂತಾ ಸಾಕ್ಷಿ ಏನ ಬೇಕು?"

ತುಕ್ಕು ಮೊದಲೇ ಅಲ್ಲಿತ್ತು, ಅದಕ್ಕೇ ಮೈದುನ ಅಲ್ಲಿ ಬೆರಳು ತೋರಿಸಿದ ಎಂದು ಸುಂದರವ್ವನಿಗೆ ಅನ್ನಿಸಿತು. ಆದರೆ ಆ ಮನೆಯಲ್ಲಿ ಬಾಳುವೆ ಮಾಡಿದವಳು ಅವಳು, ಅನ್ನಿಸಿದ್ದನ್ನೆಲ್ಲ ಆಡುವ ಚಟ ಎಂದೋ ಬಿಟ್ಟಿದ್ದಳು.

ದೃಷ್ಟಿಗೆ ಉಪ್ಪಿಗಿಂತ ದೊಡ್ಡ ಔಷಧ ಇಲ್ಲ ಎಂಬುದು ನಮ್ಮ ಕಡೆ ತೊಟ್ಟಿಲ ಕೂಸಿಗೂ ಗೊತ್ತು. ಹಿಡಿ ಉಪ್ಪು, ಒಣ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರೆ ಚಟಪಟ ಸಿಡಿದು ಹೋಗುತ್ತದೆ. ಆದರೆ ಅದು ಕೂಸಿಗೆ, ಮದುಮಕ್ಕಳಿಗೆ ಸರಿ. ಗೋಡೆಯಾಚೆಯ ಮನುಷ್ಯ ದಿನ ಬೆಳಗಾದರೆ ಹಲ್ಲುಜ್ಜಲು ಹೊರಗೆ ಬಂದು ಗಾಡಿ ನೋಡುತ್ತಿರುವಾಗ ಒಂದು ಹಿಡಿ ಉಪ್ಪು ಎಷ್ಟು ಹೊತ್ತು ತಡೆದೀತು? ಮಡಿವಾಳೆಪ್ಪ ತಲೆ ಓಡಿಸಿದ. ಗಾಡಿಯ ಬೆನ್ನೆಲುಬಾದ ಉದ್ದನೆಯ ಕಬ್ಬಿಣದ ಚೌಕಟ್ಟಿಗೆ ಗ್ಯಾರೇಜಿನವರು ಚಾಸಿ ಎನ್ನುತ್ತಾರಲ್ಲ, ಆ ಚಾಸಿಗೇ ಕರಿ ಅರಿವೆಯಲ್ಲಿ ಹರಳುಪ್ಪಿನ ಗಂಟು ಬಿಗಿದ. ಪ್ರತಿ ಅಮಾವಾಸ್ಯೆಗೆ ಹೊಸ ಗಂಟು. ಹಳೆಯದನ್ನು ಬಿಚ್ಚುವಂತಿಲ್ಲ, ಅದರೊಳಗೆ ಹಿಡಿದಿಟ್ಟ ದೃಷ್ಟಿ ಹೊರಗೆ ಬಂದರೆ? ಮಳೆಗಾಲದಲ್ಲಿ ಗಂಟುಗಳು ಬೆವರಿ ತೊಟ್ಟಿಕ್ಕುತ್ತಿದ್ದವು. ಹಾಗೆ ತೊಟ್ಟಿಕ್ಕಿದಾಗಲೆಲ್ಲ ಅವನು, ಎಷ್ಟು ಕಣ್ಣು ಎಳೆದುಕೊಂಡಿದೆ ನೋಡು ಎಂದು ಹಿಗ್ಗುತ್ತಿದ್ದ. ಅಂಗಡಿಯವನು ಮಾತ್ರ ಸುಂದರವ್ವನನ್ನು, "ಉಪ್ಪಿನಕಾಯಿ ಧಂದೆ ಸುರು ಮಾಡೀರೇನ್ರಿ ವೈನಿ?" ಎಂದು ಒಮ್ಮೆ ಕೇಳಿದ್ದ.

ಈ ಗಂಟುಗಳಿಗೆಲ್ಲ ಹಿರಿಯದು ಹಿಂಭಾಗದ ಅಡ್ಡಪಟ್ಟಿಗೆ ಕಟ್ಟಿದ್ದು, ಅಂದರೆ ಸತ್ಯಪ್ಪ ಬೆರಳು ಮಾಡಿದ ಜಾಗಕ್ಕೆ. ರಾಮದುರ್ಗದ ಬಸ್ ನಿಲ್ದಾಣದಲ್ಲಿ ಸಿಕ್ಕ ಯಾರೋ ಒಬ್ಬ ಅಜ್ಜ ಮಂತ್ರಿಸಿ ಕೊಟ್ಟದ್ದು. ಅದು ತಾನಾಗಿ ಬೀಳುವವರೆಗೆ ಯಾರೂ ಬಿಚ್ಚಬಾರದು ಎಂದು ಅಜ್ಜ ಹೇಳಿ, ಬಸ್ಸು ಹತ್ತಿ ಹೋಗಿಬಿಟ್ಟಿದ್ದ. ಸಾಲದ್ದಕ್ಕೆ ಮಡಿವಾಳೆಪ್ಪ ಗಾಡಿಗೆ ತಾಡಪತ್ರಿ ಹೊದಿಸುತ್ತಿದ್ದ. ಸತ್ಯಪ್ಪನ ಮನೆಯ ಬಾಗಿಲು ಕಿರ್ ಎಂದರೆ ಸಾಕು, ಉಣ್ಣುತ್ತಿದ್ದವನು ಎಂಜಲು ಕೈಯಲ್ಲೇ ಎದ್ದು ಬಂದು ತಾಡಪತ್ರಿ ಎಳೆಯುತ್ತಿದ್ದ. ಅದರ ಕೆಳಗೆ ತೇವ ಆರುತ್ತಿರಲಿಲ್ಲ.

ತುಕ್ಕು ಹೆಚ್ಚಿದಷ್ಟೂ ಉಪ್ಪು, ಉಪ್ಪು ಹೆಚ್ಚಿದಷ್ಟೂ ತುಕ್ಕು. ಹುಚ್ಚು ಬಿಡುವವರೆಗೆ ಮದುವೆ ಆಗುವುದಿಲ್ಲ, ಮದುವೆ ಆಗುವವರೆಗೆ ಹುಚ್ಚು ಬಿಡುವುದಿಲ್ಲ ಎಂಬ ಗಾದೆ ಕಬ್ಬಿಣಕ್ಕೂ ನಡೆಯುತ್ತದೆ ಎಂದು ಯಾರಿಗೆ ಗೊತ್ತಿತ್ತು. ಕೆಲವೇ ವರ್ಷಗಳಲ್ಲಿ ಹಿಂದಿನ ತೊಟ್ಟಿಯ ತಗಡು ಜರಡಿಯಾಯಿತು. ಜೋಳ ಹೇರಿಕೊಂಡು ಬೈಲಹೊಂಗಲದ ಪೇಟೆಗೆ ಹೋದರೆ ದಾರಿಯುದ್ದಕ್ಕೂ ಗುಬ್ಬಿಗಳಿಗೆ ದಾಸೋಹ. ಒಂದೊಂದು ತೂತು ಬಿದ್ದಾಗಲೂ ಮಡಿವಾಳೆಪ್ಪ ಗೋಡೆಯ ಕಡೆ ಮುಖ ಮಾಡಿ, "ಉರೀಲಿ, ಉರೀಲಿ, ಇನ್ನಷ್ಟ ಉರೀಲಿ" ಎಂದು ಗಟ್ಟಿಯಾಗಿ ಹೇಳುತ್ತಿದ್ದ. ಗೋಡೆಯಾಚೆಯಿಂದ ಒಂದು ದಿನವೂ ಉತ್ತರ ಬರಲಿಲ್ಲ. ಬರುತ್ತಿದ್ದದ್ದು ಎಣ್ಣೆಗಾಯಿಯ ಬಟ್ಟಲು. ಸತ್ಯಪ್ಪನ ಹೆಂಡತಿ ತಾಯವ್ವ ಗೋಡೆಯ ಮೇಲಿಂದ ಕೊಡುತ್ತಿದ್ದಳು, ಸುಂದರವ್ವ ಸೆರಗಿನಲ್ಲಿ ಮುಚ್ಚಿಕೊಂಡು ತರುತ್ತಿದ್ದಳು, ಮಡಿವಾಳೆಪ್ಪ ಹೆಂಡತಿಯ ಕೈಗುಣವನ್ನು ಹೊಗಳಿ ಹೊಗಳಿ ಉಣ್ಣುತ್ತಿದ್ದ.

ಹೀಗೆ ಗಾಡಿ ಕರಗುತ್ತ, ಅಣ್ಣ ಉರಿಯುತ್ತ ನಡೆದಿತ್ತು ಸಂಸಾರ. ಅಷ್ಟರಲ್ಲಿ ಬೀಗರ ಮನೆಯ ಕಟ್ಟೆಯ ಮೇಲೆ ಕುಳಿತು ಮಡಿವಾಳೆಪ್ಪ ಒಂದು ಮಾತು ಕೊಟ್ಟ.

ಮಗಳು ಶೈಲಜಾಳನ್ನು ಮುನವಳ್ಳಿ ದಾಟಿ ರಾಮದುರ್ಗದ ದಾರಿಗಿರುವ ಒಂದು ಹಳ್ಳಿಗೆ ಕೊಟ್ಟಿತ್ತು. ಅಳಿಯ ಮಹಾದೇವ ಬೈಲಹೊಂಗಲದಲ್ಲಿ ರಾಶಿ ಮಷೀನು ಕೊಂಡಿದ್ದ. ಕಾಳು ಒಕ್ಕುವ, ಎರಡು ಗಾಲಿಯ ಮೇಲೆ ನಿಂತ, ಮೂತಿಗೆ ಕೊಂಡಿ ಹಾಕಿ ಎಳೆಯಬೇಕಾದ ಭಾರಿ ಯಂತ್ರ. ಹೊಲದಲ್ಲಿ ಕಡಲೆ ಕಿತ್ತು ಬಣವೆ ಹಾಕಿ ಆಗಿತ್ತು, ಆಕಾಶದಲ್ಲಿ ಹೊತ್ತಲ್ಲದ ಹೊತ್ತಿಗೆ ಮೋಡ ಕೂಡುತ್ತಿತ್ತು. ಮಷೀನು ಬೇಗ ಬರಬೇಕು, ಮಳೆಗೆ ಮೊದಲು ಬರಬೇಕು.

"ನಿಮ್ಮ ತಮ್ಮಾರದು ಟ್ರ್ಯಾಕ್ಟರ್ ಐತೆಲ್ರಿ ಬೀಗರ, ಅದಕ್ಕ ಹಚ್ಚಿ ಕಳಿಸಿಬಿಡ್ರಿ," ಎಂದ ಬೀಗ ಶಂಕರೆಪ್ಪ. ಅವನು ಒಳ್ಳೆಯ ಮನಸ್ಸಿನಿಂದಲೇ ಅಂದಿದ್ದ. ಮಡಿವಾಳೆಪ್ಪನಿಗೆ ಮಾತ್ರ ಆ ಮಾತು ಹಸಿ ಗಾಯಕ್ಕೆ ಸುಣ್ಣ ಸವರಿದಂತಾಯಿತು.

"ತಮ್ಮನ ಟ್ರ್ಯಾಕ್ಟರ್ ಯಾಕ್ರಿ? ನನ್ನ ಗಾಡಿ ಸತ್ತೈತೇನು? ನಾನ ಎಳಕೊಂಡ ಬರತೇನಿ. ನಿಮ್ಮ ಅಂಗಳದಾಗ ತಂದ ನಿಂದರಸತೇನಿ, ನೀವು ಆರತಿ ತಯ್ಯಾರ ಇಡ್ರಿ."

ಬಾಗಿಲ ಮರೆಯಲ್ಲಿ ಚಹಾದ ತಾಟು ಹಿಡಿದು ನಿಂತಿದ್ದ ಶೈಲಜಾ ತವರಿನ ಗಾಡಿಯನ್ನು ಚೆನ್ನಾಗಿ ಬಲ್ಲವಳು. ಅಪ್ಪ ಹೊರಟಾಗ ಹಿತ್ತಲಿಗೆ ಕರೆದು ಕೈ ಹಿಡಿದುಕೊಂಡಳು. "ಅಪ್ಪಾ, ಕಾಕಾನ್ನ ಕೇಳು. ನಿನ್ನ ಕಾಲ ಬೀಳತೇನಿ. ಕಡ್ಲಿ ಮಳ್ಯಾಗ ಸಿಕ್ರ ಇಲ್ಲಿ ಮಂದಿ ಸಾಯೂತನಕ 'ನಿಮ್ಮಪ್ಪ, ನಿಮ್ಮಪ್ಪ' ಅಂತ ನನ್ನ ಅಂತಾರ."

"ಹುಚ್ಚಿ, ನಿನ್ನ ಮಾರಿ ಕೆಳಗ ಹಾಕತೇನೇನ ನಾನು?" ಎಂದು ಮೀಸೆ ತಿರುವಿ ಬಂದ. ಮಗಳ ಮೇಲೆ ಅವನಿಗೆ ಜೀವ. ಗಾಡಿಯ ಸ್ಥಿತಿ ಅವನಿಗೂ ಗೊತ್ತಿಲ್ಲದೆ ಇರಲಿಲ್ಲ. ಕಾರಣ ಯಾರು ಎಂಬುದರ ಬಗ್ಗೆ ಮಾತ್ರ ಅವನದು ಬೇರೆ ಅಭಿಪ್ರಾಯ.

ಮರುದಿನವೇ ಗಾಡಿ ಬೈಲಹೊಂಗಲದ ಕಾಡಪ್ಪನ ವೆಲ್ಡಿಂಗ್ ಅಂಗಡಿಗೆ ಹೋಯಿತು. ಈ ಕಾಡಪ್ಪ ಬಾಯಿ ತುಂಬ ತಂಬಾಕು, ಅದರ ಮೇಲೆ ಬಾಯಿ ತುಂಬ ಮಾತು ಇಟ್ಟುಕೊಂಡವನು. ಕಬ್ಬಿಣಕ್ಕೆ ಬೆಂಕಿ ಹಚ್ಚುವುದನ್ನು ಲೋಕಕ್ಕೆ ಕಲಿಸಿದ್ದೇ ತಾನು ಎಂಬಂತೆ ಆಡುತ್ತಿದ್ದ. ಸ್ಕ್ರೂಡ್ರೈವರ್ ಹಿಡಿದು ಗಾಡಿಯ ಅಡಿಗೆ ತೆವಳಿದ. ಕೆರೆದ ಕೂಡಲೇ ತುಕ್ಕಿನ ಹಕ್ಕಳೆ ಮುಖದ ಮೇಲೆಲ್ಲ ಉದುರಿ, ಅವನ ಬಾಯಿಂದ ಗಾಡಿ ಮಾಡಿದವನ ವಂಶದ ಉದ್ಧಾರವಾಯಿತು.

"ಕಾಕಾ, ನೀವೂ ಸ್ವಲ್ಪ ಕೆಳಗ ಬರ್ರಿ."

ಮಡಿವಾಳೆಪ್ಪ ಬಿಳಿ ಅಂಗಿಯಲ್ಲೇ ತೆವಳಿ ಹೋಗಿ ಪಕ್ಕದಲ್ಲಿ ಮಲಗಿದ. ತಲೆಯ ಮೇಲೆ ಬಾವಲಿಗಳಂತೆ ಕರಿ ಗಂಟುಗಳು ಸಾಲಾಗಿ ಜೋತುಬಿದ್ದಿದ್ದವು.

"ಇದೇನ್ರಿ ಇದು?"

"ದೃಷ್ಟಿಗೆ ಕಟ್ಟೇನಿ. ಉಪ್ಪು."

"ಹೌದ? ಹಂಗಾರ ನೋಡ್ರಿ." ಕಾಡಪ್ಪ ಒಂದು ಗಂಟಿನ ಪಕ್ಕದಲ್ಲಿ ಸ್ಕ್ರೂಡ್ರೈವರ್ ಒತ್ತಿದ. ಅದು ಕಬ್ಬಿಣದೊಳಗೆ ಹಿಡಿಯವರೆಗೂ ಇಳಿಯಿತು. ಗಂಟಿಲ್ಲದ ಜಾಗದಲ್ಲಿ ಬಡಿದ. ಟಣ್ ಎಂದಿತು. "ಗಂಟ ಇದ್ದಲ್ಲಿ ಹಪ್ಪಳ, ಗಂಟ ಇಲ್ಲದಲ್ಲಿ ಕಬ್ಬಣ. ಇನ್ನೂ ಬಿಡಿಸಿ ಹೇಳಬೇಕೇನ್ರಿ? ಉಪ್ಪು ತಿಂದೈತಿ ನಿಮ್ಮ ಗಾಡಿನ."

ಮಡಿವಾಳೆಪ್ಪ ಗಂಟುಗಳನ್ನು ಒಂದೊಂದಾಗಿ ನೋಡಿದ. ಒಂದು ಗಳಿಗೆ, ಒಂದೇ ಗಳಿಗೆ, ಅವನಿಗೆ ಒಂದು ಯೋಚನೆ ಸುಳಿಯಿತು. ಉಪ್ಪೇ ತಿಂದಿದ್ದರೆ ಸತ್ಯಪ್ಪ ತಿಂದಿಲ್ಲ. ಸತ್ಯಪ್ಪ ತಿಂದಿಲ್ಲ ಎಂದರೆ ಇಷ್ಟು ವರ್ಷ ಗೋಡೆಗೆ ಮುಖ ಮಾಡಿ ಬೈದದ್ದೆಲ್ಲ ಯಾರಿಗೆ? ಆ ಪ್ರಶ್ನೆ ತಲೆ ಎತ್ತುವಷ್ಟರಲ್ಲೇ ಅವನ ಬುದ್ಧಿ ಅದನ್ನು ತುಳಿದು ಹಾಕಿತು.

"ಅಂದ್ರ ಕಣ್ಣು ಬರೊಬ್ಬರಿ ಗಂಟಿಗೇ ಬಡದೈತಿ ಅಂದಂಗಾತು!" ಎಂದ. "ಗಂಟ ಇದ್ದದ್ದಕ್ಕ ಅಲ್ಲಷ್ಟ ಹೋಗೇತಿ. ಇರದಿದ್ರ ಇಡೀ ಗಾಡಿ ಹೋಗತಿತ್ತಲ್ಲೋ!"

ಕಾಡಪ್ಪ ಸ್ಕ್ರೂಡ್ರೈವರನ್ನು ಎದೆಯ ಮೇಲೆ ಇಟ್ಟುಕೊಂಡು ಹಾಗೇ ಮಲಗಿದ.

"ಯಾಕ, ನೀನೂ ಅಂಗಡಿ ಬಾಗಲಕ್ಕ ನಿಂಬಿಹಣ್ಣ ಕಟ್ಟಿಯೆಲ್ಲೋ?" ಎಂದು ಮಡಿವಾಳೆಪ್ಪ ಗೆದ್ದವನಂತೆ ಕೇಳಿದ.

"ಬಾಗಲಕ್ಕ ಕಟ್ಟೇನ್ರಿ. ವೆಲ್ಡಿಂಗ್ ಮಷೀನಿನ ಹೊಟ್ಯಾಗ ಹಿಂಡಿಲ್ಲ."

ಕೆಲಸ ಮಾತ್ರ ಕಾಡಪ್ಪ ಚೊಕ್ಕಟವಾಗಿ ಮಾಡಿದ, ಅದನ್ನು ಒಪ್ಪಬೇಕು. ತೊಟ್ಟಿಯನ್ನು ಬೋಲ್ಟು ಬಿಚ್ಚಿ ಇಳಿಸಿ ಪಕ್ಕಕ್ಕಿಟ್ಟ. ಚಾಸಿಯನ್ನು ಬಿಸಿಲಿಗೆ ಬರಿಮೈ ಮಾಡಿ ಗ್ರೈಂಡರ್ ಹಿಡಿದು ತುಕ್ಕೆಲ್ಲ ಉಜ್ಜಿ ತೆಗೆದ. ಎರಡೂ ಬದಿಯ ಉದ್ದನೆಯ ಕಂಬಿಗಳಲ್ಲಿ ಕೊಳೆತ ಭಾಗವನ್ನು ಗಟ್ಟಿ ಕಬ್ಬಿಣ ಸಿಗುವವರೆಗೆ ಕತ್ತರಿಸಿ, ಹೊಸ ಕಬ್ಬಿಣದ ಚಾನೆಲ್ ಕೂರಿಸಿ, ಕೂಡಿದ ಜಾಗಕ್ಕೆ ಒಳಗೂ ಹೊರಗೂ ಪಟ್ಟಿ ಹಚ್ಚಿ ಬೆಸೆದ. ಕೆಂಪು ಬಣ್ಣ ಬಳಿದು ಒಣಗಿಸಿದ. ತೊಟ್ಟಿಗೆ ಹೊಸ ತಗಡು ಹಾಸಿ, ನೀರು ನಿಲ್ಲದಂತೆ ಮೂಲೆಯಲ್ಲಿ ಕಂಡಿ ಬಿಟ್ಟ. ಹಾಗೆ ಬದಿಯ ಕಬ್ಬಿಣ ಕತ್ತರಿಸಿದಾಗ ಅದರ ಜೊತೆಗೇ ಅಲ್ಲಿಯ ಗಂಟುಗಳೂ ಹೋದವು. ಅಮಾವಾಸ್ಯೆಯ ಗಂಟುಗಳಲ್ಲವೇ, ಹೊಸದಾಗಿ ಕಟ್ಟಿಕೊಳ್ಳಬಹುದು ಎಂದು ಮಡಿವಾಳೆಪ್ಪ ಹಲ್ಲು ಕಚ್ಚಿ ಸಹಿಸಿಕೊಂಡ.

ತಕರಾರು ಎದ್ದದ್ದು ಹಿಂದಿನ ಅಡ್ಡಪಟ್ಟಿಯ ಹತ್ತಿರ.

"ಇದೂ ಹೋಗೇತ್ರಿ," ಎಂದ ಕಾಡಪ್ಪ. "ಕೊಂಡಿ ಹಾಕೂದು ಇದಕ್ಕ. ಮಷೀನಿನ ಭಾರೆಲ್ಲ ಇದೊಂದರ ಮ್ಯಾಲ ಜಗ್ಗತೈತಿ. ಕತ್ತರಿಸಿ ಹೊಸಾದ ಹಾಕತೇನಿ."

"ಇದನ್ನ ಮುಟ್ಟಬ್ಯಾಡ. ಇದರಾಗ ಅಜ್ಜಾರ ಗಂಟ ಐತಿ. ತಾನಾಗಿ ಬೀಳೂತನಕ ಬಿಚ್ಚಬಾರದು ಅಂದಾರ."

"ಬಿಚ್ಚೂದ ಬ್ಯಾಡ್ರಿ. ಪಟ್ಟಿ ಸಮೇತ ತಗದ ನಿಮ್ಮ ಜಗಲಿ ಮ್ಯಾಲ ಇಟ್ಕೊಳ್ರಿ, ಪೂಜಾ ಮಾಡ್ರಿ."

"ಗಾಡಿಗೆ ಕಟ್ಟಿದ್ದು ಗಾಡಿ ಮ್ಯಾಲ ಇರಬೇಕು!"

ಇಬ್ಬರೂ ಕೂಗಾಡಿದರು. ಚಹಾ ಬಂತು, ಕುಡಿದು ಮತ್ತೆ ಕೂಗಾಡಿದರು. ಕೊನೆಗೆ ಕಾಡಪ್ಪ ಸೋತ. ಸೋತನೆಂದರೆ, ಬೇಸತ್ತ. ಇಂಥಲ್ಲಿ ಬೇಸರ ಬಂದರೂ ಜಗ್ಗದೆ ನಿಲ್ಲುವವನೇ ಕಸುಬುದಾರ, ಉಳಿದವರೆಲ್ಲ ಬರೀ ಬಾಯಿ. "ಗಾಡಿ ನಿಮ್ಮದು, ಗಂಟ ನಿಮ್ಮದು, ನಂದೇನ ಹೋಗೂದೈತಿ" ಎಂದು ಗಂಟಿನ ಎಡಬಲಕ್ಕೆ ಹೊಳೆಯುವ ಎರಡು ತಗಡಿನ ಪಟ್ಟಿ ಬೆಸೆದು, ಸತ್ತವನಿಗೆ ಪಟಕಾ ಸುತ್ತಿ ಕೂರಿಸಿದಂತೆ ಆ ಅಡ್ಡಪಟ್ಟಿಯನ್ನು ಸಿಂಗರಿಸಿದ. ಅದಕ್ಕೇ ಕೊಂಡಿ ಹಚ್ಚಿದ. "ಮಷೀನ್ ಎಳೀಲಿಕ್ಕೆ ಇದು ನಡಿಯೂದಿಲ್ಲ. ಆಮ್ಯಾಲ ಕಾಡಪ್ಪ ಹೇಳಿಲ್ಲ ಅನಬ್ಯಾಡ್ರಿ" ಎಂದು ಒಂದು ಮಾತು ಉಗುಳಿನ ಜೊತೆ ಹೊರಗೆ ಹಾಕಿ ಕೈ ತೊಳೆದುಕೊಂಡ.

ಮೇಲೆ ಬಣ್ಣ ಬಿದ್ದ ಮೇಲೆ ಗಾಡಿ ಮದುಮಗನಾಯಿತು. ಹಿಂದಿನ ಹಲಗೆಯ ಮೇಲೆ ಮಡಿವಾಳೆಪ್ಪ, "ನೋಡಿ ಉರಿಯಬೇಡ ತಮ್ಮಾ" ಎಂದು ದೊಡ್ಡ ಅಕ್ಷರದಲ್ಲಿ ಬರೆಸಿದ. ದಾರಿಹೋಕರಿಗೆ ಅದು ಲೋಕಕ್ಕೆ ಹೇಳಿದ ಬುದ್ಧಿಮಾತು, ದೊಡವಾಡದಲ್ಲಿ ಮಾತ್ರ ಒಂದೇ ಮನೆಗೆ ಬರೆದ ಓಲೆ. ಡ್ರೈವರನ ಬೆನ್ನ ಹಿಂದಿನ ಗಾಜಿಗೆ ಕೋರೆಹಲ್ಲಿನ ರಾಕ್ಷಸನ ಮುಖ ಅಂಟಿಸಿದ. ಇನ್ನು ಅದರಿಂದ ಹಿಂದೆ ಏನೂ ಕಾಣುತ್ತಿರಲಿಲ್ಲ. ಎಡಗಡೆಯ ಕನ್ನಡಿಯಲ್ಲಿ ಸತ್ಯಪ್ಪನ ಮನೆ ಕಾಣುತ್ತದೆ ಎಂದು ಅದನ್ನು ಹಿಂದೆಯೇ ಒಳಕ್ಕೆ ಮಡಚಿದ್ದ. ಬಲಗಡೆಯ ಕನ್ನಡಿಗೆ ಚೆಂಡುಹೂವಿನ ಹಾರ ಬಿತ್ತು. ಸಂದಿಯಲ್ಲಿ ಉಳಿದಷ್ಟು ಗಾಜಿನಲ್ಲಿ ಅವನ ಮೀಸೆ ಕಾಣುತ್ತಿತ್ತು, ಅಷ್ಟು ಸಾಕಿತ್ತು ಅವನಿಗೆ.

ಬೈಲಹೊಂಗಲದಲ್ಲಿ ರಾಶಿ ಮಷೀನಿಗೆ ಕೊಂಡಿ ಹಾಕಿದ ಮನುಷ್ಯ ನೆಟ್ಟಗೆ ಸ‌ವದತ್ತಿಯ ರಸ್ತೆ ಹಿಡಿಯಬೇಕಲ್ಲ? ಹಿಡಿಯಲಿಲ್ಲ. ಮೊದಲು ದೊಡವಾಡಕ್ಕೆ ತಂದ. ಬೀಗರಿಗೆ ಕೊಡುವ ಮೊದಲು ಊರು ನೋಡುವುದು ಬೇಡವೇ? ಊರೆಂದರೆ ಅವನ ಲೆಕ್ಕದಲ್ಲಿ ಒಬ್ಬನೇ. ಯಾರ ಕಣ್ಣು ಬೀಳಬಾರದು ಎಂದು ಇಷ್ಟು ವರ್ಷ ತಾಡಪತ್ರಿ ಎಳೆದನೋ, ಅವನಿಗೇ ತೋರಿಸದೆ ಇದ್ದರೆ ಅಂದು ಅವನಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಮನುಷ್ಯನ ಜಂಬ ಹೀಗೆಯೇ, ಕಳ್ಳನಿಗೆ ಹೆದರಿ ಬೀಗ ಹಾಕುತ್ತದೆ, ಆಮೇಲೆ ಕಳ್ಳನನ್ನೇ ಕರೆದು ಬೀಗ ತೋರಿಸುತ್ತದೆ.

ಸತ್ಯಪ್ಪ ಬಾಗಿಲಲ್ಲಿ ಎತ್ತಿಗೆ ನೀರು ತೋರಿಸುತ್ತಿದ್ದ. ಮನೆ ಮುಂದಿನ ಗಟಾರ ದಾಟುವಾಗ ಗಾಡಿ ಮುಂದೆ ಎದ್ದು ಹಿಂದೆ ಕುಸಿಯಿತು, ಮಷೀನು ಗಡಗಡ ಅಂದಿತು. ಸತ್ಯಪ್ಪನ ಕೈಯ ಬಕೆಟ್ಟು ನಿಂತಿತು. ಅವನು ಎರಡು ಹೆಜ್ಜೆ ಮುಂದೆ ಬಂದು ಬಗ್ಗಿ ಗಾಡಿಯ ಹಿಂಭಾಗವನ್ನೇ ದಿಟ್ಟಿಸಿದ. ಬಾಯಿ ತೆರೆದ. ಅಣ್ಣನ ಮುಖ ನೋಡಿ ಮುಚ್ಚಿದ.

"ಉರಿಗೆ ಬಾಯಿ ಕಟ್ಟೇತಿ ನೋಡು!" ಎಂದು ಮಡಿವಾಳೆಪ್ಪ ಹೆಂಡತಿಗೆ ಹೇಳಿದ. ಜನ್ಮ ಸಾರ್ಥಕವಾದ ಸಂತೋಷ ಅವನಿಗೆ.

ಮರುದಿನ ಬೆಳಿಗ್ಗೆ ಗಂಡ ಹೆಂಡತಿ ಹೊರಟರು. ಸುಂದರವ್ವನ ತೊಡೆಯ ಮೇಲೆ ಮಗಳಿಗೆಂದು ಕಟ್ಟಿದ ಕರದಂಟಿನ ಡಬ್ಬಿ. ಹಾಡು ಗಟ್ಟಿಯಾಗಿ ಹಚ್ಚಿ, ಹಳ್ಳಿ ಬಂದಲ್ಲೆಲ್ಲ ಹಾರ್ನ್ ಒತ್ತಿ, ಎದುರಿಗೆ ಸಿಕ್ಕ ಬಸ್ಸಿನ ಡ್ರೈವರನಿಗೂ ಕೈ ಎತ್ತಿ ನಮಸ್ಕರಿಸುತ್ತ ಮಡಿವಾಳೆಪ್ಪ ಗಾಡಿ ಹೊಡೆದ. ಸವದತ್ತಿ ದಾಟಿತು. ನವಿಲುತೀರ್ಥದ ಏರಿನಲ್ಲಿ ಇಂಜಿನ್ ಏದುಸಿರು ಬಿಡುತ್ತ ಹತ್ತುತ್ತಿದ್ದಾಗ ಹಿಂದೆ ಟಪ್ ಎಂದು ಏನೋ ಸದ್ದಾಯಿತು. ಗಾಡಿ ಒಮ್ಮೆ ಜಿಗಿದು, ಹಗ್ಗ ಬಿಚ್ಚಿದ ಕರುವಿನಂತೆ ಮುಂದೆ ಓಡಿತು.

"ಹಿಂದ ಏನೋ ಸಪ್ಪಳಾತ್ರಿ," ಎಂದಳು ಸುಂದರವ್ವ.

"ಹೊಸಾ ವೆಲ್ಡಿಂಗು. ತನ್ನ ಜಾಗಾದಾಗ ಕುಂದರೂ ಸಪ್ಪಳ ಅದು."

"ಇಳದರ ನೋಡ್ರಿ ಒಮ್ಮೆ."

"ಸುಮ್ನ ಕುಂದ್ರ. ಏರಿನ್ಯಾಗ ಹೆಂಗ ಎಳ್ಯಾಕತ್ತೈತಿ ನೋಡು! ಭಾರ ಐತೇನ ಅನ್ನಸತೈತಿ? ಕಾಡಪ್ಪ ಬಾಯಿ ಬಡಕ ಖರೆ, ಕೈ ಚಲೋ ಐತಿ."

ಭಾರ ಅನ್ನಿಸದಿರುವುದಕ್ಕೆ ಕಾರಣವಿತ್ತು. ಆದರೆ ಕಾರಣ ತಿಳಿಯಬೇಕಾದರೆ ಮನುಷ್ಯ ಹಿಂದೆ ತಿರುಗಿ ನೋಡಬೇಕು.

ಬೀಗರ ಅಂಗಳದಲ್ಲಿ ಸಾರಿಸಿ ರಂಗೋಲಿ ಹಾಕಿದ್ದರು. ಓಣಿಯ ಮಂದಿ ಕೂಡಿದ್ದರು. ಶೈಲಜಾ ಆರತಿಯ ತಟ್ಟೆ ಹಿಡಿದು ನಿಂತಿದ್ದಳು. ಮಡಿವಾಳೆಪ್ಪ ದೂರದಿಂದಲೇ ಹಾರ್ನ್ ಬಾರಿಸುತ್ತ ಬಂದು, ಅಂಗಳದ ನಟ್ಟನಡುವೆ ನಿಲ್ಲಿಸಿ, ಕೆಳಗಿಳಿದು ಧೋತರ ಕೊಡವಿ, ಎರಡೂ ಕೈ ಜೋಡಿಸಿದ. ಯಾರೂ ಕೈ ಜೋಡಿಸಲಿಲ್ಲ. ಎಲ್ಲರೂ ಅವನ ಬೆನ್ನ ಹಿಂದೆ ನೋಡುತ್ತಿದ್ದರು. ಶಂಕರೆಪ್ಪ ನಿಧಾನವಾಗಿ ಗಾಡಿಯ ಸುತ್ತ ಒಂದು ಸುತ್ತು ಬಂದ, "ನೋಡಿ ಉರಿಯಬೇಡ ತಮ್ಮಾ" ಎಂಬುದನ್ನು ಓದಿದ.

"ಬೀಗರ, ಮಷೀನ್ ಎಲ್ರಿ?"

"ಹಿಂದ ಐತೆಲ್ರಿ," ಎಂದ ಮಡಿವಾಳೆಪ್ಪ ತಿರುಗದೆಯೇ.

"ಹಿಂದ ಐತಿ ಖರೆ. ಎಷ್ಟ ಹಿಂದ ಐತಿ?"

ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಓಣಿ ನಕ್ಕಿತು. ಮಡಿವಾಳೆಪ್ಪ ತಿರುಗಿ ನೋಡಿದ. ಅಡ್ಡಪಟ್ಟಿ ಇದ್ದ ಜಾಗದಲ್ಲಿ ಕಿತ್ತ ಹಲ್ಲಿನ ಸಂದಿಯಂತೆ ಖಾಲಿ ಇತ್ತು. ಮೊದಲು ಅವನಿಗೆ ನಾಚಿಕೆಯಾಯಿತು. ಆಮೇಲೆ ನವಿಲುತೀರ್ಥದ ಏರು ಕಣ್ಣ ಮುಂದೆ ಬಂತು, ಮತ್ತು ನಾಚಿಕೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅಂಥ ಭಾರಿ ಮಷೀನು ಇಳಿಜಾರಿನಲ್ಲಿ ಹಿಂದಕ್ಕೆ ಉರುಳಿದ್ದರೆ? ಹಿಂದೆ ಬಸ್ಸು ಬರುತ್ತಿದ್ದರೆ? ಮಕ್ಕಳನ್ನು ಕೂರಿಸಿಕೊಂಡ ಮೋಟರ್ ಸೈಕಲ್ಲು ಬರುತ್ತಿದ್ದರೆ? ಅವನು ರಂಗೋಲಿಯ ಮೇಲೆಯೇ ಕುಸಿದು ಕುಳಿತ. ಶೈಲಜಾ ತಟ್ಟೆ ಕೆಳಗಿಟ್ಟು ಅಪ್ಪನ ಹತ್ತಿರ ಓಡಿದಳು. ಯಾರೂ ನಗುತ್ತಿರಲಿಲ್ಲ ಈಗ. ಮಹಾದೇವ ಮೋಟರ್ ಸೈಕಲ್ ಹೊರಗೆ ತೆಗೆಯುತ್ತಿದ್ದ.

ಆಗ ಓಣಿಯ ಬಾಯಲ್ಲಿ ಟ್ರ್ಯಾಕ್ಟರಿನ ಗುಡುಗುಡು ಕೇಳಿಸಿತು.

ಸತ್ಯಪ್ಪ ಬಂದ. ಅವನ ಟ್ರ್ಯಾಕ್ಟರಿನ ಹಿಂದೆ ರಾಶಿ ಮಷೀನು, ಮೂತಿ ಸ್ವಲ್ಪ ತರಚಿದ್ದು ಬಿಟ್ಟರೆ ಇಡಿಯಾಗಿ ಬಂತು. ಬಲಗೈಗೆ ಟವೆಲ್ ಸುತ್ತಿಕೊಂಡಿದ್ದ, ಅದು ಕೆಂಪಾಗಿತ್ತು. ಏರಿನಲ್ಲಿ ಹಿಂದಕ್ಕೆ ಜಾರತೊಡಗಿದ ಮಷೀನಿನ ಗಾಲಿಗೆ ಓಡಿ ಹೋಗಿ ಕಲ್ಲು ಕೊಟ್ಟಿದ್ದ, ಕಲ್ಲಿನ ಜೊತೆ ಕೈಯೂ ಸಿಕ್ಕಿತ್ತು. ಇಳಿದು ಬಂದು ಅವನು ಅಣ್ಣನ ಮುಂದೆ ಒಂದು ಕಬ್ಬಿಣದ ತುಂಡು ಇಟ್ಟ. ಅದೇ ಅಡ್ಡಪಟ್ಟಿ. ಎರಡೂ ತುದಿಯಲ್ಲಿ ಹಪ್ಪಳದಂತೆ ಮುರಿದಿತ್ತು. ನಡುವೆ ಕರಿ ಗಂಟು ಒಂದು ಎಳೆಯೂ ಸಡಿಲಾಗದೆ ಭದ್ರವಾಗಿ ಕುಳಿತಿತ್ತು.

"ಗಂಟ ಬಿಚ್ಚಿಲ್ಲ ನೋಡು ಅಣ್ಣ," ಎಂದ. ಇಷ್ಟು ವರ್ಷಗಳ ಮೇಲೆ ಅವನು ಆಡಿದ ಮೊದಲ ಮಾತು ಅದು.

ಮಡಿವಾಳೆಪ್ಪ ಆ ತುಂಡನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ. ಆದರೂ ಹಳೆಯ ಚಟ ನಾಲಿಗೆಗೆ ಮೊದಲು ಬಂತು.

"ನೀ ಯಾಕ ನನ್ನ ಹಿಂದ ಬಂದಿ?"

"ನಿನ್ನೆ ಗಟಾರ ದಾಟಸೂ ಮುಂದ ಪಟ್ಟಿ ಬಾಗಿದ್ದು ಕಂಡೆ."

"ಕಂಡ್ರ ಬಾಯಿಬಿಟ್ಟ ಹೇಳಾಕ ಏನ ಧಾಡಿ ಆಗಿತ್ತು ನಿನಗ?"

ಸತ್ಯಪ್ಪ ಟವೆಲ್ಲಿನ ಗಂಟು ಬಿಗಿ ಮಾಡಿಕೊಂಡ. "ಹೇಳಿದ್ರ, ನಾ ನೋಡಿದ್ದಕ್ಕ ಮುರೀತು ಅಂತಿದ್ದಿ. ಅದಕ್ಕ ಸುಮ್ನ ಹಿಂದ ಬಂದೆ."

ಸುಂದರವ್ವ ಮುಂದೆ ಬಂದು ಮೈದುನನ ಕೈ ಹಿಡಿದು ಟವೆಲ್ ಬಿಚ್ಚಿದಳು, ಗಾಯ ನೋಡಿ ಗಂಡನ ಕಡೆ ತಿರುಗಿದಳು. "ನೀವು ಹೊಗಳಿ ಹೊಗಳಿ ಉಣ್ಣೂ ಎಣ್ಣಿಗಾಯಿ ಇವನ ಮನೀದು," ಎಂದಳು. ಎಷ್ಟೋ ವರ್ಷ ನುಂಗಿದ ಮಾತುಗಳಲ್ಲಿ ಅವಳು ಅದೊಂದನ್ನೇ ಹೊರಗೆ ಹಾಕಿದಳು, ಮತ್ತೆ ನೀರು ಕಾಸಲು ಒಳಗೆ ಹೋದಳು.

ಮಷೀನು ಆ ಮಧ್ಯಾಹ್ನವೇ ಸತ್ಯಪ್ಪನ ಟ್ರ್ಯಾಕ್ಟರಿಗೆ ಬೆಲ್ಟಿನ ಪಟ್ಟಾ ಹಚ್ಚಿಕೊಂಡು ಕಡಲೆ ಒಕ್ಕತೊಡಗಿತು. ಕಡಲೆ ಚೀಲ ತುಂಬಿ ಮನೆಯೊಳಗೆ ಬಿದ್ದ ಮೇಲೆಯೇ ಮಳೆ ಹನಿಯಿತು. ಅಪ್ಪನ ಹೆಸರು ಹಿಡಿದು ಶೈಲಜಾಳನ್ನು ಅನ್ನುವವರು ಆಮೇಲೂ ಅಂದರು. "ಎಷ್ಟ ಹಿಂದ ಐತಿ?" ಎಂಬುದು ಆ ಓಣಿಯಲ್ಲಿ ಇಂದಿಗೂ ನಡೆಯುವ ಮಾತು. ಆದರೆ ಅದರಲ್ಲಿ ವಿಷವಿರಲಿಲ್ಲ, ಕಾಳು ಮನೆ ಸೇರಿತ್ತಲ್ಲ.

ಹೊತ್ತು ಇಳಿಯುವ ಮುಂಚೆ ಮಡಿವಾಳೆಪ್ಪ ಅಂಗಳದ ಮೂಲೆಯಲ್ಲಿ ಗಾಡಿಯ ಪಕ್ಕ ಒಬ್ಬನೇ ನಿಂತಿದ್ದ. ಹನಿ ಬೀಳುತ್ತಿತ್ತು. ಅಭ್ಯಾಸದ ಕೈ ತಾಡಪತ್ರಿಯನ್ನು ಅರ್ಧ ಎಳೆದಿತ್ತು. ಸತ್ಯಪ್ಪ ಟ್ರ್ಯಾಕ್ಟರಿನ ಕಡೆ ಹೋಗುತ್ತಿದ್ದವನು ಅದನ್ನು ಕಂಡು, ಅಣ್ಣನಿಗೆ ತ್ರಾಸವಾಗದಿರಲೆಂದು ಮುಖ ಆಚೆ ತಿರುಗಿಸಿ ನಡೆದ. ತಮ್ಮ ಹಾಗೆ ಮುಖ ತಿರುಗಿಸಿದ್ದು ಮಡಿವಾಳೆಪ್ಪನ ಎದೆಗೆ ನಾಟಿತು. ಇಷ್ಟು ವರ್ಷವೂ ಅವನು ಹೀಗೆಯೇ ಮುಖ ತಿರುಗಿಸಿ ಓಡಾಡಿರಬೇಕು ತನ್ನ ಬಾಗಿಲ ಮುಂದೆ.

ಮಡಿವಾಳೆಪ್ಪ ತಾಡಪತ್ರಿ ಎಳೆದು ಪೂರ್ತಿ ಕೆಳಗೆ ಹಾಕಿದ.

"ಸತ್ಯಾ," ಎಂದು ಕರೆದ. "ಇಲ್ಲಿ ಬಾ. ಇನ್ನೂ ಎಲ್ಲೆಲ್ಲಿ ತುಕ್ಕ ಹಿಡದೈತಿ, ಸ್ವಲ್ಪ ಕೆಳಗ ಬಗ್ಗಿ ನೋಡಿ ಹೇಳು."

ಸತ್ಯಪ್ಪ ಬಂದು ಕುಕ್ಕರಗಾಲಿನಲ್ಲಿ ಕುಳಿತ. ಕತ್ತು ಬಗ್ಗಿಸಿ ಅಡಿಗೆ ಇಣುಕಿದ. ಒಂದು ಕಡೆ ಬೆರಳಿಂದ ಮುಟ್ಟಿದ, ಇನ್ನೊಂದು ಕಡೆ ತಟ್ಟಿ ಕಿವಿಗೊಟ್ಟ. ಮಡಿವಾಳೆಪ್ಪ ಅವನ ನೆತ್ತಿಯ ಮೇಲೆ ನಿಂತು ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ, ಮೀಸೆ ಮುಟ್ಟಿಕೊಂಡ, ತಡೆಯಲಾಗಲಿಲ್ಲ.

"ಸಾಕ ಏಳೋ," ಎಂದ. "ಭಾಳ ಹೊತ್ತ ನೋಡಬ್ಯಾಡ."